ಐವತ್ತು ದಾಟಿದ ಹಿಮೋಫಿಲಿಯಾದವರಿಗೆ: ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಂದ ಏನೇನು ಪಡೆಯಬಹುದು, ಹೇಗೆ ಪಡೆಯಬೇಕು

ನಾನು ಮಧ್ಯ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿಮೋಫಿಲಿಯಾ ಕೋಣೆಯ ಬೆಂಚಿನ ಮೇಲೆ ಕೂತಿರುತ್ತಿದ್ದವರು ಬಹುಪಾಲು ಚಿಕ್ಕ ಹುಡುಗರು, ಜೊತೆಗೆ ಅವರ ಅಮ್ಮಂದಿರು. ಈಗ ತಲೆ ನರೆತವರೂ ಬರುತ್ತಾರೆ, ಕೈಯಲ್ಲಿ ಬಿಪಿ ಮಾತ್ರೆಯ ಚೀಟಿ, ಶುಗರ್ ರಿಪೋರ್ಟು ಹಿಡಿದುಕೊಂಡು. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಎಂಬ ಅಂಶ ಮೈಯಲ್ಲಿ ಕಡಿಮೆ ಇರುವ ಕಾಯಿಲೆ ಇದು. ಆ ಫ್ಯಾಕ್ಟರಿನ ಇಂಜೆಕ್ಷನ್ ಸುಲಭವಾಗಿ ಸಿಗದ ಕಾಲದಲ್ಲಿ ತೀವ್ರ ಹಿಮೋಫಿಲಿಯಾ ಇದ್ದ ಎಷ್ಟೋ ಹುಡುಗರು ಮೀಸೆ ಬರುವ ಮೊದಲೇ ತೀರಿಕೊಳ್ಳುತ್ತಿದ್ದರು. ಹಾಗಾಗಿ ಇವತ್ತು ಐವತ್ತೈದು, ಅರವತ್ತಾದವರಿಗೆ ದಾರಿ ತೋರಿಸುವ ಹಿರಿಯರು ಮನೆತನದಲ್ಲಿ ಇರುವುದಿಲ್ಲ. ಇದೇ ಕಾಯಿಲೆ ಇದ್ದ ಸೋದರಮಾವ ಹುಡುಗನಾಗಿದ್ದಾಗಲೇ ಹೋಗಿರುತ್ತಾರೆ. ಹಿಮೋಫಿಲಿಯಾ ಇಟ್ಟುಕೊಂಡು ವಯಸ್ಸಾಗುವುದು ಹೇಗೆ ಎಂಬುದನ್ನು ಇವರು ತಾವೇ ಮೊದಲಿಗರಾಗಿ ಕಲಿಯಬೇಕಾಗಿದೆ.

ಅವರಿಗಾಗಿ ಮತ್ತು ಅವರ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಹತ್ತಿರ ಬರುವವರು ಹೆಚ್ಚಾಗಿ ಎರಡು ಕೆಲಸಕ್ಕೆ ಬರುತ್ತಾರೆ: ಯಾವುದೋ ಅರ್ಜಿಗೆ ಸಹಿ ಬೇಕಾದಾಗ, ಇಲ್ಲವೇ ಫ್ಯಾಕ್ಟರ್ ಸ್ಟಾಕ್ ಇಲ್ಲ ಎಂದು ಹೇಳಿಸಿಕೊಂಡಾಗ. ವಯಸ್ಸಾದ ಮೇಲೆ ಇಷ್ಟು ಸಾಲದು. ಬ್ಲೀಡ್ (ಒಳಗೆ ರಕ್ತಸ್ರಾವ) ಆಗಿ ಬಾವು ಬಂದು ನೋವಿನಲ್ಲಿ ಒದ್ದಾಡುವಾಗ ಮನೆಯ ವಿಷಯ, ಹಣದ ವಿಷಯ, ಮುಂದಿನ ವಿಷಯ ಮಾತಾಡಲು ಆಗುವುದಿಲ್ಲ. ಆರಾಮಾಗಿದ್ದಾಗ ಬನ್ನಿ.

ಯಾರನ್ನು ಕೇಳಬೇಕು

ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಅಥವಾ ಆಪ್ತಸಮಾಲೋಚಕರು ಇರುತ್ತಾರೆ. ನಿಮಗೆ ಫ್ಯಾಕ್ಟರ್ ಹಾಕುವ ನರ್ಸಮ್ಮನನ್ನು ಕೇಳಿದರೆ ಕೋಣೆ ತೋರಿಸುತ್ತಾರೆ. ಇಲ್ಲದಿದ್ದರೆ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ, ಬೆಂಗಳೂರಿನಲ್ಲಿಯೂ ಹಿಮೋಫಿಲಿಯಾ ಸೊಸೈಟಿ ಇದೆ. 1983ರಲ್ಲಿ ಶುರುವಾದ ಹಿಮೋಫಿಲಿಯಾ ಫೆಡರೇಶನ್‌ಗೆ ದೇಶದ ಬೇರೆ ಬೇರೆ ಊರುಗಳಲ್ಲಿ ಶಾಖೆಗಳಿವೆ. ಮುಂಬೈ, ಪುಣೆಯಲ್ಲಿ ನೆಲೆಸಿದ ನಮ್ಮ ಕಡೆಯವರು ಅಲ್ಲಿನ ಶಾಖೆಯಲ್ಲೇ ಹೆಸರು ಬರೆಸಬಹುದು.

ಹಳ್ಳಿಯವರಿಗೆ ಇನ್ನೊಂದು ಹತ್ತಿರದ ಬಾಗಿಲಿದೆ. ಅದು ಬಹಳ ಜನಕ್ಕೆ ಗೊತ್ತಿಲ್ಲ. ವಿಕಲಚೇತನರ ಇಲಾಖೆಯ ಕಡೆಯಿಂದ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಎಲ್ಲರೂ ವಿಆರ್‌ಡಬ್ಲ್ಯು ಅನ್ನುತ್ತಾರೆ. ತಾಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು ಇರುತ್ತಾರೆ. ಇವರು ಸಾಮಾನ್ಯವಾಗಿ ತಾವೂ ಅಂಗವೈಕಲ್ಯ ಇದ್ದವರೇ, ಹಾಗಾಗಿ ಕಚೇರಿ ಅಲೆದಾಟದ ಕಷ್ಟ ಅವರಿಗೆ ವಿವರಿಸಿ ಹೇಳಬೇಕಿಲ್ಲ. ನಾನು ಆಸ್ಪತ್ರೆಯಲ್ಲಿ ಕೂತು ಮಾಡಲಾಗದ ಎಷ್ಟೋ ಕೆಲಸವನ್ನು ಅವರು ಊರಲ್ಲೇ ಮಾಡಿಸಿಕೊಟ್ಟಿದ್ದಾರೆ.

ಮೊದಲ ಭೇಟಿಯಲ್ಲೇ ಒಂದು ಹಾಳೆ ಮಾಡಿಸಿಕೊಳ್ಳಿ

ಇದನ್ನು ನಾನು ಎಲ್ಲಕ್ಕಿಂತ ಮೊದಲು ಇಡುತ್ತೇನೆ. ಚಿಕ್ಕವರಿದ್ದಾಗ ನಿಮಗೆ ಒಬ್ಬರೇ ಡಾಕ್ಟರು, ಅವರಿಗೆ ನಿಮ್ಮ ಮಂಡಿಯ ಕಥೆಯೆಲ್ಲ ಗೊತ್ತು. ಐವತ್ತರ ನಂತರ ಹೃದಯಕ್ಕೊಬ್ಬರು, ಮೂತ್ರದ ತೊಂದರೆಗೊಬ್ಬರು, ಕಣ್ಣಿನ ಪೊರೆಗೊಬ್ಬರು, ಹಲ್ಲಿಗೊಬ್ಬರು. ಅವರು ತಮ್ಮ ಕೆಲಸದಲ್ಲಿ ಗಟ್ಟಿಗರೇ, ಆದರೆ ಹಿಮೋಫಿಲಿಯಾ ಇದ್ದ ರೋಗಿಯನ್ನು ಅವರಲ್ಲಿ ಹಲವರು ನೋಡಿಯೇ ಇರುವುದಿಲ್ಲ. ನೀವು ಬಾಯಲ್ಲಿ ಹೇಳಿದರೆ ಅರ್ಧ ಕೇಳುತ್ತಾರೆ. ಸೀಲು, ಸಹಿ ಇರುವ ಕಾಗದ ಕೊಟ್ಟರೆ ಪೂರ್ತಿ ಓದುತ್ತಾರೆ.

ನಾವು ಸೇರಿ ಬರೆದು, ರಕ್ತರೋಗ ತಜ್ಞರಿಂದ ಸಹಿ ಮಾಡಿಸುವ ಆ ಹಾಳೆಯಲ್ಲಿ ಇಷ್ಟು ಇರುತ್ತದೆ. ಫ್ಯಾಕ್ಟರ್ 8 ಕಡಿಮೆಯೋ (ಎ), 9 ಕಡಿಮೆಯೋ (ಬಿ). ಪ್ರಮಾಣ ಎಷ್ಟು: ಶೇ. 1ಕ್ಕಿಂತ ಕಡಿಮೆಯಿದ್ದರೆ ತೀವ್ರ, 1ರಿಂದ 5 ಮಧ್ಯಮ, ಅದಕ್ಕಿಂತ ಮೇಲೆ ಸೌಮ್ಯ. ಇನ್ಹಿಬಿಟರ್ (ಹಾಕಿದ ಫ್ಯಾಕ್ಟರ್ ಕೆಲಸ ಮಾಡದಂತೆ ತಡೆಯುವ, ಮೈಯಲ್ಲೇ ಹುಟ್ಟುವ ಅಂಶ) ಇದೆಯೇ, ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ. ನಿಮ್ಮ ತೂಕ, ಬ್ಲೀಡ್ ಆದಾಗ ಎಷ್ಟು ಯುನಿಟ್ ಬೇಕು. ಯಾವ ಕೀಲು ಕೆಟ್ಟಿದೆ. ಈಗ ನುಂಗುತ್ತಿರುವ ಎಲ್ಲ ಮಾತ್ರೆ, ಆಯುರ್ವೇದದ್ದೂ ಸೇರಿ. ಬ್ಲೀಡ್ ಆಗದಂತೆ ತಡೆಯುವ ಎಮಿಸಿಜುಮ್ಯಾಬ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ದಪ್ಪಕ್ಷರದಲ್ಲಿ ಬರೆಸಿ. ಅದು ಮೈಯಲ್ಲಿದ್ದಾಗ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಎಪಿಟಿಟಿ ಎಂಬ ಪರೀಕ್ಷೆ ನಾರ್ಮಲ್ ತೋರಿಸುತ್ತದೆ. ವಿಷಯ ಗೊತ್ತಿಲ್ಲದ ಡಾಕ್ಟರು ಆ ರಿಪೋರ್ಟ್ ನೋಡಿ ಆಪರೇಷನ್‌ಗೆ ಏನೂ ಅಡ್ಡಿಯಿಲ್ಲ ಎಂದು ತಿಳಿಯುವ ಅಪಾಯವಿದೆ.

ಹಾಳೆಯ ಕೆಳಗಡೆ ನಾಲ್ಕು ಸಾಲು, ಬೇರೆ ಬಣ್ಣದ ಶಾಯಿಯಲ್ಲಿ:

ಮಾಂಸಖಂಡಕ್ಕೆ ಇಂಜೆಕ್ಷನ್ ಕೊಡಬೇಡಿ.
ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ನಮ್ಮನ್ನು ಕೇಳದೆ ಕೊಡಬೇಡಿ.
ತಲೆಗೆ ಪೆಟ್ಟು ಬಿದ್ದಿದ್ದರೆ ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್.
ಹಲ್ಲು ಕೀಳುವುದು, ಬಯಾಪ್ಸಿ, ಎಂಡೋಸ್ಕೋಪಿ, ಏನೇ ಇರಲಿ, ಮೊದಲು ಈ ನಂಬರಿಗೆ ಫೋನ್ ಮಾಡಿ.

ಮೂರು ಪ್ರತಿ ಮಾಡಿಸಿ. ಒಂದು ಜೇಬಲ್ಲಿ, ಒಂದು ಮನೆಯಲ್ಲಿ ಎಲ್ಲರಿಗೂ ಕಾಣುವ ಕಡೆ, ಇನ್ನೊಂದು ಮಗನೋ ಮಗಳೋ ಯಾರು ನಿಮ್ಮನ್ನು ಆಸ್ಪತ್ರೆಗೆ ಕರೆತರುತ್ತಾರೋ ಅವರ ಮೊಬೈಲಿನಲ್ಲಿ ಫೋಟೋ. ಔಷಧ ಬದಲಾದಾಗಲೆಲ್ಲ ಹೊಸ ಹಾಳೆ ಬರೆಸಬೇಕು.

ಹೊಸ ಡಾಕ್ಟರುಗಳ ನಡುವೆ

ಹಿಮೋಫಿಲಿಯಾ ಇದ್ದವರಿಗೆ ಹೃದಯಾಘಾತ ಆಗುವುದಿಲ್ಲ ಎಂಬ ನಂಬಿಕೆ ಇನ್ನೂ ಓಡಾಡುತ್ತಿದೆ. ಅದು ಸುಳ್ಳು. ರಕ್ತನಾಳದ ಒಳಗೆ ಕೊಬ್ಬು ಕಟ್ಟುವುದಕ್ಕೂ ಫ್ಯಾಕ್ಟರಿಗೂ ಸಂಬಂಧವಿಲ್ಲ. ರಕ್ತದೊತ್ತಡವಂತೂ ಇವರಲ್ಲಿ ಓರಗೆಯವರಿಗಿಂತ ಹೆಚ್ಚಾಗಿ ಕಾಣುತ್ತದೆ. ಬಿಪಿ ಏರಿ ಮೆದುಳಿನಲ್ಲಿ ರಕ್ತಸ್ರಾವವಾದರೆ ಇವರಿಗೆ ಅಪಾಯ ಬೇರೆಯವರಿಗಿಂತ ಎಷ್ಟೋ ಪಟ್ಟು ದೊಡ್ಡದು. ಫ್ಯಾಕ್ಟರ್ ಹಾಕಿಸಲು ಬಂದಾಗಲೆಲ್ಲ ಬಿಪಿ ನೋಡಿಸಿಕೊಳ್ಳಿ, ನೋಡದಿದ್ದರೆ ಕೇಳಿ ನೋಡಿಸಿ.

ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗುವ ಮಾತ್ರೆ ಬೇಕೇ ಬೇಕಾಗುತ್ತದೆ. ಆಗ "ಇದು ನನಗೆ ಆಗಲ್ಲ" ಎಂದು ನೀವೇ ನಿಲ್ಲಿಸಬೇಡಿ, ಹೃದಯದ ಡಾಕ್ಟರು ಬರೆದಿದ್ದಾರೆಂದು ಸುಮ್ಮನೆ ನುಂಗಲೂಬೇಡಿ. ಇಬ್ಬರು ಡಾಕ್ಟರೂ ಕೂತು, ಎಷ್ಟು ದಿನ, ಎಷ್ಟು ಫ್ಯಾಕ್ಟರಿನ ಆಸರೆಯಲ್ಲಿ ಎಂದು ತೀರ್ಮಾನಿಸಬೇಕು. ಆ ಇಬ್ಬರನ್ನು ಒಂದೇ ಫೋನಿನಲ್ಲಿ ಮಾತಾಡಿಸುವುದು ಸಮಾಜ ಕಾರ್ಯಕರ್ತರ ಕೆಲಸ. ನಾಚಿಕೊಳ್ಳದೆ ಕೇಳಿ. ಒಂದು ವಿಭಾಗದಿಂದ ಇನ್ನೊಂದಕ್ಕೆ ಕಡತ ಹಿಡಿದು ಓಡಾಡುವ ಕೆಲಸ ಕೆಟ್ಟ ಮಂಡಿಯವರದ್ದಲ್ಲ.

ಮಂಡಿ ಬದಲಿಸುವ ಆಪರೇಷನ್ ಎಂದರೂ ಇದೇ ಕ್ರಮ. ಶಸ್ತ್ರಚಿಕಿತ್ಸೆಯ ದಿನಕ್ಕಷ್ಟೇ ಅಲ್ಲ, ಆಮೇಲಿನ ವಾರಗಳ ಫಿಸಿಯೋಗೂ ಫ್ಯಾಕ್ಟರ್ ಬೇಕು. ಅಷ್ಟೂ ಯುನಿಟ್ ಕೈಗೆ ಬಂದ ಮೇಲೆಯೇ ದಿನಾಂಕ ಗೊತ್ತುಮಾಡಬೇಕು. ಲೆಕ್ಕ ಹಾಕಿಸಿ ಇಂಡೆಂಟ್ (ಬೇಡಿಕೆ ಪತ್ರ) ಬರೆಸುವುದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಯೋಚನೆ ಬಂದ ದಿನವೇ ನಮಗೆ ಹೇಳಿ.

ಇನ್ನೊಂದು ಮಾತು, ಹಳೆಯ ರಕ್ತದ್ದು. ಹೆಪಟೈಟಿಸ್ ಸಿ ಪರೀಕ್ಷೆ ನಮ್ಮ ರಕ್ತನಿಧಿಗಳಲ್ಲಿ ಕಡ್ಡಾಯವಾದದ್ದೇ 2000ದ ನಂತರ. ಅದಕ್ಕೆ ಮುಂಚೆ ರಕ್ತ, ಪ್ಲಾಸ್ಮಾ, ಕ್ರಯೋ (ಪ್ಲಾಸ್ಮಾದಿಂದ ತೆಗೆದ ಹೆಪ್ಪುಗಟ್ಟಿಸುವ ಅಂಶ) ಹಾಕಿಸಿಕೊಂಡವರು ಒಂದು ಸಲವಾದರೂ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡಿರಬೇಕು. ಹೆಪಟೈಟಿಸ್ ಸಿ ಇದ್ದರೆ ಈಗ ಮಾತ್ರೆಯಲ್ಲೇ ವಾಸಿಯಾಗುತ್ತದೆ, ಬಹುಮಟ್ಟಿಗೆ 12 ವಾರ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ವಾಸಿಯಾದ ಮೇಲೂ, ಲಿವರ್ ಗಟ್ಟಿಯಾಗಿಬಿಟ್ಟಿದ್ದರೆ, ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಬಾರದು. ಎಚ್‌ಐವಿ ಇದ್ದರೆ ಎಆರ್‌ಟಿ ಕೇಂದ್ರದಲ್ಲಿ ಔಷಧ ಉಚಿತ, ಮತ್ತು 2017ರ ಕಾನೂನಿನ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಅದನ್ನು ಯಾರೂ ಬಯಲು ಮಾಡುವಂತಿಲ್ಲ. ವರ್ಷಗಟ್ಟಲೆ ಈ ಭಯ ಒಳಗಿಟ್ಟುಕೊಂಡು ಪರೀಕ್ಷೆಯನ್ನೇ ಮಾಡಿಸದವರನ್ನು ನಾನು ಬಲ್ಲೆ. ನನ್ನ ಕೋಣೆಯ ಬಾಗಿಲು ಹಾಕಿ ಹೇಳಿದ ಮಾತು ಬೆಂಚಿನವರೆಗೂ ಹೋಗುವುದಿಲ್ಲ.

ಮನೆಯನ್ನು ತೋರಿಸಿ

ಹರಿಹರ ತಾಲೂಕಿನ ಕಡೆಯ ಒಬ್ಬರು ದರ್ಜಿ. ಬಲ ಮಂಡಿ ಮಡಚುವುದಿಲ್ಲ, ಎಡಗಾಲ ಹರಡು ಬಿಗಿದುಹೋಗಿದೆ. ಓಪಿಡಿಯಲ್ಲಿ ಪ್ರತಿ ಸಲ ಕೇಳಿದಾಗಲೂ "ಮನೇಲಿ ಏನೂ ತೊಂದ್ರೆ ಇಲ್ರಿ" ಎನ್ನುತ್ತಿದ್ದರು. ಮನೆ ನೋಡಲು ಹೋದೆ. ನಡುಮನೆಯಿಂದ ಹಿತ್ತಲಿಗೆ ಎತ್ತರದ ಹೊಸ್ತಿಲು. ಅದರಾಚೆ ನೆಲ ಒಂದು ಗೇಣು ತಗ್ಗು. ಬಚ್ಚಲ ಕಲ್ಲಿನ ಮೇಲೆ ಪಾಚಿ ಹಿಡಿದು ಹಸಿರಾಗಿತ್ತು. ಹೊಸ್ತಿಲು ದಾಟುವಾಗ ಅವರು ಆಧಾರಕ್ಕೆ ಹಿಡಿದುಕೊಳ್ಳುತ್ತಿದ್ದದ್ದು ಬಟ್ಟೆ ಒಣಹಾಕುವ ತಂತಿಯನ್ನು. ಹಿಡಿದೂ ಹಿಡಿದೂ ಅದರ ಒಂದು ಕಡೆಯ ಮೊಳೆ ಗೋಡೆಯಿಂದ ಅರ್ಧ ಈಚೆ ಬಂದಿತ್ತು. ಶೌಚಾಲಯ ಕುಕ್ಕರಗಾಲಲ್ಲಿ ಕೂರುವಂಥದ್ದು. "ಬಚ್ಚಲಿಗೆ ಹೋಗಿ ಬರೋದೇ ಒಂದು ದೊಡ್ಡ ಕೆಲ್ಸ ಆಗೇತ್ರಿ ಅಕ್ಕಾರೆ, ಅದಕ್ಕೇ ಸಂಜಿ ಮ್ಯಾಲೆ ನೀರು ಕುಡಿಯೋದೇ ಬಿಟ್ಟೀನಿ" ಎಂದರು. ಆಸ್ಪತ್ರೆಯ ಯಾವ ರಿಪೋರ್ಟಿನಲ್ಲೂ ಈ ಸಂಗತಿ ಇರಲಿಲ್ಲ.

ಮಾಡಿದ ರಿಪೇರಿ ದೊಡ್ಡದೇನಲ್ಲ. ಊರಿನ ವೆಲ್ಡಿಂಗ್ ಅಂಗಡಿಯವನಿಂದ ಜಿಐ ಪೈಪಿನ ಎರಡು ಹಿಡಿಕೆ, ಒಂದು ಹೊಸ್ತಿಲ ಪಕ್ಕ, ಒಂದು ಬಚ್ಚಲಲ್ಲಿ. ತಗ್ಗಿನಲ್ಲಿ ಒಂದು ಮೆಟ್ಟಿಲು. ಪಾಚಿ ತಿಕ್ಕಿ ತೆಗೆದು ಒರಟು ಸಿಮೆಂಟು. ಶೌಚಾಲಯಕ್ಕೆ ಕಮೋಡ್ ಕುರ್ಚಿ. ಹಿತ್ತಲಿಗೊಂದು ಬಲ್ಬು, ಅದರ ಸ್ವಿಚ್ಚು ಮಂಚದ ಕೈಯಳತೆಯಲ್ಲಿ. ಇಂಥದ್ದಕ್ಕೆ ಪಂಚಾಯಿತಿಯಲ್ಲಿ ವಿಕಲಚೇತನರಿಗೆ ಮೀಸಲಿಟ್ಟ ಹಣ ಇರುತ್ತದೆ, ವಿಆರ್‌ಡಬ್ಲ್ಯು ಮೂಲಕ ಅರ್ಜಿ ಹಾಕಿ. ಬಡ ಕುಟುಂಬದ 60 ದಾಟಿದವರಿಗೆ ಊರುಗೋಲು, ವಾಕರ್‌ಗಳಂಥ ಸಾಧನಗಳನ್ನು ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆಯೂ ಇದೆ.

ಹಿಮೋಫಿಲಿಯಾ ಇದ್ದವರ ಮೂಳೆ ಸಾಮಾನ್ಯವಾಗಿ ಬೇಗ ಸವೆಯುತ್ತದೆ, ಚಿಕ್ಕಂದಿನಿಂದ ಓಡಾಟ ಕಡಿಮೆ ಇದ್ದದ್ದಕ್ಕೆ. ಬಿದ್ದರೆ ಮೂಳೆಯೂ ಮುರಿಯುತ್ತದೆ, ರಕ್ತವೂ ನಿಲ್ಲುವುದಿಲ್ಲ. ಆದ್ದರಿಂದ ಬೀಳದಂತೆ ನೋಡಿಕೊಳ್ಳುವುದಕ್ಕೆ ಔಷಧದಷ್ಟೇ ಬೆಲೆ ಕೊಡಿ. ನಿಮ್ಮ ಊರಿಗೆ ಬರಲು ನಮಗೆ ಆಗದಿದ್ದರೆ ಮೊಮ್ಮಗನ ಕೈಲಿ ಮೊಬೈಲ್ ಕೊಟ್ಟು ಹಾಸಿಗೆಯಿಂದ ಬಚ್ಚಲವರೆಗೆ ನೀವು ನಡೆಯುವ ವಿಡಿಯೋ ತೆಗೆಸಿ ತನ್ನಿ. ಮನೆ ಗುಡಿಸಿ ಸಾರಿಸಿ ತೆಗೆಯಬೇಡಿ, ಇದ್ದ ಹಾಗೆ ತೋರಿಸಿ. ಫ್ರಿಜ್ಜನ್ನೂ ತೆರೆದು ತೋರಿಸಿ. ಫ್ಯಾಕ್ಟರ್ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರಿನಲ್ಲಿಡಬಾರದು. ಬಾಗಿಲಿನ ತಟ್ಟೆಯಲ್ಲಿ ಹಾಲಿನ ಪಕ್ಕ ಇಟ್ಟರೆ ತೆಗೆದು ಹಾಕಿ ಮಾಡುವಾಗೆಲ್ಲ ಬಿಸಿಯಾಗುತ್ತದೆ, ಒಳಗಿನ ತಟ್ಟೆಯಲ್ಲಿಡಿ.

ಸೂಜಿ ಯಾರು ಹಾಕುತ್ತಾರೆ

ಮೂವತ್ತು ವರ್ಷ ತಾವೇ ನರ ಹುಡುಕಿ ಫ್ಯಾಕ್ಟರ್ ಹಾಕಿಕೊಂಡವರಿಗೂ ಒಂದು ದಿನ ಕನ್ನಡಕವಿಲ್ಲದೆ ನರ ಕಾಣುವುದಿಲ್ಲ, ಬೆರಳು ನಡುಗುತ್ತದೆ, ಮೊಣಕೈ ನೆಟ್ಟಗಾಗುವುದಿಲ್ಲ. ಇದನ್ನು ಹೇಳಿಕೊಳ್ಳಲು ಗಂಡಸರು ಬಹಳ ಹಿಂಜರಿಯುತ್ತಾರೆ. ಹೇಳದೆ, ಡೋಸ್ ತಪ್ಪಿಸುತ್ತಾರೆ. ದಯವಿಟ್ಟು ಹೇಳಿ. ಮನೆಯಲ್ಲಿ ಇನ್ನೊಬ್ಬರಿಗೆ ಕಲಿಸಬಹುದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ನಮ್ಮ ಆಸ್ಪತ್ರೆಯಿಂದ ಪತ್ರ ಬರೆಸಿ, ಅಲ್ಲಿನ ನರ್ಸಿಗೆ ತೋರಿಸಿಕೊಟ್ಟು, ಅಲ್ಲೇ ಹಾಕಿಸುವ ವ್ಯವಸ್ಥೆ ಮಾಡಬಹುದು. ಎ ವಿಧದವರಾದರೆ ಎಮಿಸಿಜುಮ್ಯಾಬ್ ಸಿಗುವ ಸಾಧ್ಯತೆ ಇದೆಯೇ ಎಂದು ಡಾಕ್ಟರನ್ನು ಕೇಳಿ. ಅದು ಚರ್ಮದಡಿ ಹಾಕುವ ಇಂಜೆಕ್ಷನ್, ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಅಥವಾ ನಾಲ್ಕು ವಾರಕ್ಕೊಮ್ಮೆ. ಬ್ಲೀಡ್ ತಡೆಯುತ್ತದೆ, ಆದರೆ ಬ್ಲೀಡ್ ಆದ ಮೇಲೆ ನಿಲ್ಲಿಸಲು ಅಲ್ಲ, ಅದಕ್ಕೆ ಬೇರೆಯೇ ಬೇಕು.

ಇದುವರೆಗೆ ಸೂಜಿ ಹಾಕುತ್ತಿದ್ದ ಹೆಂಡತಿಗೂ ವಯಸ್ಸಾಗಿರುತ್ತದೆ. ಆಕೆ ಒಂದು ಸಲ ನಮ್ಮ ಹತ್ತಿರ ಒಬ್ಬರೇ ಕೂತು ಮಾತಾಡಲಿ, ನೀವು ಹೊರಗಿರಿ. ಗಂಡನ ಎದುರು "ಏನಿಲ್ಲ, ಅಭ್ಯಾಸ ಆಗಿದೆ" ಎನ್ನುವ ಹೆಂಗಸರು ಒಬ್ಬರೇ ಇದ್ದಾಗ ತಮ್ಮ ಸೊಂಟ ನೋವು, ರಾತ್ರಿ ನಿದ್ದೆ ಬಾರದ್ದು ಎಲ್ಲವನ್ನೂ ಹೇಳುತ್ತಾರೆ. ಅವರ ಆರೋಗ್ಯ ಕೆಟ್ಟರೆ ನಿಮ್ಮ ಚಿಕಿತ್ಸೆಯೂ ನಿಲ್ಲುತ್ತದೆ.

ಕಾಗದ ಪತ್ರ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಹಿಮೋಫಿಲಿಯಾ ಅದರಲ್ಲೊಂದು. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇಲ್ಲದವರು ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿ. ಕಾರ್ಡ್ ಇದ್ದವರು ಅದರಲ್ಲಿ ಎಷ್ಟು ಶೇಕಡಾ ಬರೆದಿದೆ ನೋಡಿ. ಮೂವತ್ತನೇ ವಯಸ್ಸಿನಲ್ಲಿ ಪರೀಕ್ಷೆ ಮಾಡಿಸಿದ ಕೀಲಿಗೂ ಇವತ್ತಿನ ಕೀಲಿಗೂ ಬಹಳ ವ್ಯತ್ಯಾಸವಾಗಿರುತ್ತದೆ. ಹೆಚ್ಚಿನ ಸವಲತ್ತುಗಳ ಗೆರೆ ಶೇ. 40ರಲ್ಲಿದೆ. ಕಡಿಮೆ ಬರೆದಿದ್ದರೆ ಹೊಸ ಎಕ್ಸ್‌ರೇ, ಫಿಸಿಯೋ ಅವರ ಅಳತೆಗಳೊಂದಿಗೆ ಮರುಪರೀಕ್ಷೆ ಕೇಳಿ. ವೈದ್ಯಕೀಯ ಬೋರ್ಡಿನ ಮುಂದೆ ಹೋಗುವ ದಿನ ನೋವು ನುಂಗಿಕೊಂಡು ಗಟ್ಟಿಯಾಗಿ ನಡೆದು ತೋರಿಸುವ ಅಭ್ಯಾಸ ನಮ್ಮವರಿಗಿದೆ. ದಿನವೂ ಹೇಗೆ ನಡೆಯುತ್ತೀರೋ ಹಾಗೆಯೇ ನಡೆಯಿರಿ.

ಅಂಗವಿಕಲ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ. 65 ದಾಟಿದ ಮೇಲೆ ಸಂಧ್ಯಾ ಸುರಕ್ಷಾ ಎಂಬ ಹಿರಿಯರ ಮಾಸಾಶನ ಕೂಡ ಇದೆ, ಆದರೆ ಎರಡೂ ಒಟ್ಟಿಗೆ ಸಿಗುವುದಿಲ್ಲ. ಯಾವುದು ನಿಮಗೆ ಹೆಚ್ಚು ಎಂದು ಲೆಕ್ಕ ಹಾಕಿಸದೆ ಇದ್ದದ್ದನ್ನು ಬಿಡಬೇಡಿ. ಚಿಕಿತ್ಸೆಗೆಂದು ರೈಲಿನಲ್ಲಿ ಹೋಗುವ ತೀವ್ರ ಮತ್ತು ಮಧ್ಯಮ ಹಿಮೋಫಿಲಿಯಾದವರಿಗೆ ಸ್ಲೀಪರ್, ಮೂರನೇ ಎಸಿ ಮುಂತಾದ ದರ್ಜೆಗಳಲ್ಲಿ ಶೇ. 75 ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು. ತೆರಿಗೆ ಕಟ್ಟುವವರು ಆಡಿಟರ್ ಹತ್ತಿರ ಹಿಮೋಫಿಲಿಯಾ ಖರ್ಚಿನ ವಿನಾಯಿತಿ ಕೇಳಿ, ಹಳೆಯ ತೆರಿಗೆ ಪದ್ಧತಿಯಲ್ಲಿ ಹಿರಿಯ ನಾಗರಿಕರಿಗೆ ಅದರ ಮಿತಿ 1 ಲಕ್ಷ ರೂಪಾಯಿ.

ಹೇಳಲು ಕಷ್ಟವಾಗುವ ಮಾತುಗಳು

ಮದುವೆಯಾಗದೆ ಉಳಿದವರು ಈ ವಯಸ್ಸಿನವರಲ್ಲಿ ಬಹಳ ಇದ್ದಾರೆ. ಅಮ್ಮ ಇರುವ ತನಕ ಅಮ್ಮ ನೋಡಿಕೊಂಡರು. ಆಮೇಲೆ ಅಣ್ಣನ ಮನೆ, ಅತ್ತಿಗೆಯ ಅಡುಗೆಮನೆ. ಆಸ್ತಿಯಲ್ಲಿ ಪಾಲು ಇದ್ದರೂ ಕೇಳಲು ಸಂಕೋಚ. ಇಂಥವರು ಅಮ್ಮ ಬದುಕಿರುವಾಗಲೇ ಮನೆಯವರನ್ನೆಲ್ಲ ಕರೆದುಕೊಂಡು ನಮ್ಮ ಮುಂದೆ ಕೂರುವುದು ಒಳ್ಳೆಯದು. ಯಾರ ಮನೆಯಲ್ಲಿ ಇರುವುದು, ಆಸ್ಪತ್ರೆಗೆ ಯಾರು ಬರುವುದು, ಪ್ರಜ್ಞೆ ತಪ್ಪಿದರೆ ಡಾಕ್ಟರಿಗೆ ಯಾರು ಒಪ್ಪಿಗೆ ಕೊಡುವುದು, ಇವೆಲ್ಲ ಮೂರನೆಯವರೊಬ್ಬರ ಎದುರು ಮಾತಾದರೆ ಜಗಳವಾಗುವುದು ಕಡಿಮೆ. ಕಾನೂನಿನ ಸಲಹೆ ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸುತ್ತೇವೆ, ವಿಕಲಚೇತನರಿಗೆ ಅಲ್ಲಿ ವಕೀಲರ ನೆರವು ಉಚಿತ.

ಮಗಳಿದ್ದವರು ಇದನ್ನು ಗಮನಿಸಿ. ಹಿಮೋಫಿಲಿಯಾ ಇದ್ದ ತಂದೆಯಿಂದ ಗಂಡುಮಕ್ಕಳಿಗೆ ಕಾಯಿಲೆ ಹೋಗುವುದಿಲ್ಲ, ಹೆಣ್ಣುಮಕ್ಕಳೆಲ್ಲರೂ ವಾಹಕಿಯರಾಗುತ್ತಾರೆ. ಅವರಲ್ಲಿ ಕೆಲವರಿಗೆ ತಮಗೇ ಫ್ಯಾಕ್ಟರ್ ಕಡಿಮೆ ಇರುತ್ತದೆ. ಮುಟ್ಟಿನಲ್ಲಿ, ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗುತ್ತದೆ. ಬೀಗರಿಗೆ ಗೊತ್ತಾಗಬಾರದೆಂದು ಮುಚ್ಚಿಟ್ಟು, ಹೆರಿಗೆ ಕೋಣೆಯಲ್ಲಿ ಪ್ರಾಣಕ್ಕೆ ಬಂದದ್ದುಂಟು. ಮಗಳ ಫ್ಯಾಕ್ಟರ್ ಪರೀಕ್ಷೆ ಮಾಡಿಸಿ, ಅಳಿಯನ ಜೊತೆ ಮಾತಾಡುವುದು ನಿಮಗೆ ಕಷ್ಟವಾದರೆ ನಾವು ಮಾತಾಡುತ್ತೇವೆ.

ಮನಸ್ಸು ಕುಗ್ಗುವುದನ್ನೂ ಹೇಳಿ. ಜೊತೆಯಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದ ಗೆಳೆಯರು, ಇದೇ ಕಾಯಿಲೆಯ ತಮ್ಮ, ಒಬ್ಬೊಬ್ಬರಾಗಿ ಹೋದ ಮೇಲೆ "ನಾನ್ಯಾಕೆ ಉಳಿದೆ" ಎಂದು ಕೇಳುವವರಿಗೆ ನಾನು ಉಪದೇಶ ಮಾಡುವುದಿಲ್ಲ, ಕೂತು ಕೇಳುತ್ತೇನೆ. ರಾತ್ರಿ ಹೊತ್ತು ತಡೆಯಲಾರದಷ್ಟು ಸಂಕಟವಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹಿರಿಯರನ್ನು ಕಡೆಗಣಿಸುವುದು, ಹೊಡೆಯುವುದು ಇದ್ದರೆ ಹಿರಿಯರ ಸಹಾಯವಾಣಿ 14567.

ಕೊನೆಗೆ ಒಂದು ವಿಷಯ. ನಮ್ಮಲ್ಲಿ ಬಹಳ ಜನ ಗುತ್ತಿಗೆ ನೌಕರರು. ಇವತ್ತು ಇದ್ದವರು ಮುಂದಿನ ವರ್ಷ ಇಲ್ಲದಿರಬಹುದು. ನಿಮ್ಮ ಕಡತದ ಪ್ರತಿ, ಅರ್ಜಿಗಳ ನಂಬರು, ಯಾವ ಕೆಲಸ ಎಲ್ಲಿಗೆ ಬಂದು ನಿಂತಿದೆ ಎಂಬ ಟಿಪ್ಪಣಿ, ಎಲ್ಲವೂ ನಿಮ್ಮ ಹತ್ತಿರವೂ ಒಂದು ಫೈಲಿನಲ್ಲಿರಲಿ. ಹೊಸಬರು ಬಂದ ವಾರದಲ್ಲೇ ಹೋಗಿ ಪರಿಚಯ ಮಾಡಿಕೊಂಡು, ಆ ಹಾಳೆ ತೋರಿಸಿ, ಅದರ ಕೆಳಗಿನ ಫೋನ್ ನಂಬರ್ ಬದಲಾಯಿಸಿ ಬರೆಸಿಕೊಂಡು ಬನ್ನಿ.